ಮರಿ ಬರುವ ದಾರಿಯಲ್ಲೇ ಕಾವಲು

ಮೀನುಮರಿಗಳು ಕಾಸರಗೋಡಿಗೆ ಬರುವುದು ಪ್ಲಾಸ್ಟಿಕ್ ಚೀಲದಲ್ಲಿ. ಚೀಲದ ತಳದಲ್ಲಿ ಒಂದಿಷ್ಟು ನೀರು, ಉಳಿದ ಜಾಗವೆಲ್ಲ ಸಿಲಿಂಡರಿನಿಂದ ತುಂಬಿದ ಆಮ್ಲಜನಕ, ಬಾಯಿಗೆ ಬಿಗಿದ ರಬ್ಬರ್ ಬ್ಯಾಂಡು. ಬಿಸಿಲೇರುವ ಮುಂಚೆ ತಲಪಬೇಕೆಂದು ರಾತ್ರಿಯೇ ಹೊರಡುವ ಈ ಚೀಲಗಳು ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯದ ಕಡೆಯ ಹಿತ್ತಿಲುಗಳಲ್ಲಿ ಬಿಚ್ಚಿಕೊಳ್ಳುತ್ತವೆ. ಬಿಡುವ ಜಾಗಗಳೂ ಈ ನೆಲಕ್ಕೆ ತಕ್ಕವೇ: ಅಡಿಕೆ ತೋಟದ ಕೆರೆ, ಹಳೆಯ ಮದಕ, ಕೆಂಪುಕಲ್ಲು ಕಡಿದು ಬಿಟ್ಟ ಕೋರೆಯಲ್ಲಿ ನಿಂತ ಮಳೆನೀರು, ಸಿಲ್ಪಾಲಿನ್ ಹಾಸಿದ ನೀರಾವರಿ ಟ್ಯಾಂಕು. 2020ರಲ್ಲಿ ಕೇರಳ ಸರ್ಕಾರದ ಸುಭಿಕ್ಷ ಕೇರಳಂ ಯೋಜನೆಯೂ ಕೇಂದ್ರದ ಮತ್ಸ್ಯ ಸಂಪದ ಯೋಜನೆಯೂ ಒಟ್ಟಿಗೇ ಬಂದ ಮೇಲೆ ಇವುಗಳ ಸಾಲಿಗೆ ಬಯೋಫ್ಲಾಕ್ ತೊಟ್ಟಿಗಳು ಸೇರಿದವು. ಅಂಗಳದ ಬದಿಯಲ್ಲಿ ಕಬ್ಬಿಣದ ಬಲೆ ಸುತ್ತಿ, ಟಾರ್ಪಾಲಿನ್ ಇಳಿಸಿ, ಏರೇಟರ್ ಕೂರಿಸಿದರೆ ಕೃಷಿ ಶುರು. ಬಿಡುವ ಮೀನು ಹೆಚ್ಚಾಗಿ ಗಿಫ್ಟ್ ಎಂಬ ತಳಿಯ ತಿಲಾಪಿಯಾ. ಬೇಗ ಬೆಳೆಯುತ್ತದೆ, ಇಕ್ಕಟ್ಟಿನಲ್ಲೂ ಬದುಕುತ್ತದೆ, ಮುಳ್ಳು ಕಡಿಮೆ.

ಚೀಲದ ಆ ನೀರಿನಲ್ಲಿ, ಆ ಮರಿಗಳ ಪಿತ್ತಜನಕಾಂಗದಲ್ಲಿ, ಕೆಲವೊಮ್ಮೆ ಇನ್ನೊಂದು ಸರಕೂ ಬರುತ್ತದೆ. ಬರಿಗಣ್ಣಿಗೆ ಕಾಣದು, ಮಾಮೂಲಿ ಸೂಕ್ಷ್ಮದರ್ಶಕಕ್ಕೂ ಸಿಗದು. ಮರಿ ಚುರುಕಾಗಿಯೇ ಈಜುತ್ತಿರುತ್ತದೆ. ಮಾರಿದವರಿಗೂ ತಿಳಿಯದು, ಕೊಂಡವರಿಗೂ ತಿಳಿಯದು.

ಇಸ್ರೇಲಿನ ಗಲಿಲೀ ಸರೋವರದಲ್ಲಿಯೂ ಅಲ್ಲಿನ ಸಾಕಣೆ ಕೊಳಗಳಲ್ಲಿಯೂ 2009ರ ಹೊತ್ತಿಗೆ ತಿಲಾಪಿಯಾಗಳು ರಾಶಿರಾಶಿಯಾಗಿ ಸಾಯತೊಡಗಿದವು. ಕಾರಣ ಹುಡುಕಲು ಐದು ವರ್ಷ ಬೇಕಾಯಿತು. 2014ರಲ್ಲಿ ಅಲ್ಲಿನ ವಿಜ್ಞಾನಿಗಳು ಒಂದು ಹೊಸ ವೈರಸ್ಸನ್ನು ಬೇರ್ಪಡಿಸಿ ತೋರಿಸಿದರು. ಅದಕ್ಕೆ ತಿಲಾಪಿಯಾ ಲೇಕ್ ವೈರಸ್ ಎಂದು ಹೆಸರಾಯಿತು, ಚಿಕ್ಕದಾಗಿ ಟಿಲ್‌ವಿ. ಹತ್ತು ತುಂಡುಗಳಲ್ಲಿ ಹಂಚಿಹೋದ ಆರ್‌ಎನ್‌ಎ, ಎಲ್ಲ ಸೇರಿಸಿದರೂ ಸುಮಾರು 10,000 ಅಕ್ಷರಗಳಷ್ಟೇ ಉದ್ದ. ಮನುಷ್ಯರ ಫ್ಲೂ ವೈರಸ್ಸಿಗೆ ದೂರದ ನಂಟು. ಅದೇ ವರ್ಷ ಇಕ್ವೆಡಾರ್ ದೇಶದಿಂದ ತಿಲಾಪಿಯಾದ ಪಿತ್ತಜನಕಾಂಗದ ವಿಚಿತ್ರ ಕಾಯಿಲೆಯೊಂದು ವರದಿಯಾಗಿತ್ತು: ಕೋಶಗಳು ಒಂದಕ್ಕೊಂದು ಕೂಡಿಕೊಂಡು ದೊಡ್ಡ ಮುದ್ದೆಯಾಗುತ್ತಿದ್ದವು. ಭೂಮಿಯ ಆ ತುದಿಯ ಕಾಯಿಲೆಗೂ ಈ ತುದಿಯ ಸಾವಿಗೂ ಒಂದೇ ವೈರಸ್ ಕಾರಣವೆಂದು ಆಮೇಲೆ ತಿಳಿಯಿತು. 2017ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಲ್ಲ ದೇಶಗಳಿಗೂ ಎಚ್ಚರಿಕೆ ಕಳಿಸಿತು. ಮರು ವರ್ಷವೇ, 2018ರಲ್ಲಿ, ಭಾರತದಲ್ಲಿ ಟಿಲ್‌ವಿ ಸಿಕ್ಕಿದ ಮೊದಲ ವರದಿ ಪ್ರಕಟವಾಯಿತು. ಅದರಲ್ಲಿದ್ದ ರಾಜ್ಯಗಳು ಎರಡು: ಪಶ್ಚಿಮ ಬಂಗಾಳ ಮತ್ತು ಕೇರಳ.

ಇದಕ್ಕಿಂತಲೂ ನನ್ನನ್ನು ಹೆಚ್ಚು ಕಾಡಿದ ಸಂಗತಿ ಥಾಯ್ಲೆಂಡಿನದು. ಅಲ್ಲಿನ ಸಂಶೋಧಕರು ಮರಿ ಉತ್ಪಾದನಾ ಕೇಂದ್ರಗಳಿಂದ ಹಿಂದೆಂದೋ ತಂದು ಕೆಡದಂತೆ ಇಟ್ಟಿದ್ದ ಮಾದರಿಗಳನ್ನು 2017ರಲ್ಲಿ ತೆಗೆದು ಪರೀಕ್ಷಿಸಿದರು. 2012ರ ಮಾದರಿಯಲ್ಲೇ ವೈರಸ್ ಇತ್ತು. ಅಂದರೆ ಹೆಸರು ಸಿಗುವುದಕ್ಕೆ ಎರಡು ವರ್ಷ ಮೊದಲೇ ಅದು ಮರಿಗಳಲ್ಲಿತ್ತು, ಆ ಮರಿಗಳು ದೇಶದೇಶಕ್ಕೆ ಹೋಗಿದ್ದಿರಬಹುದು. ಕಾಯಿಲೆ ಕಾಣಿಸಿಕೊಂಡ ಮೇಲೆ ಹುಡುಕಲು ಹೊರಡುವವರು ಯಾವಾಗಲೂ ತಡವಾಗಿಯೇ ತಲಪುತ್ತಾರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಟಿಲ್‌ವಿಯ ನಡೆ ಹೀಗಿದೆ. ಮರಿ ಬಿಟ್ಟು ಕೆಲವು ವಾರ ಎಲ್ಲವೂ ಸರಿ. ಸುಮಾರು ಒಂದು ತಿಂಗಳೊಳಗೆ ಕೆಲವು ಮೀನು ಮೇವು ಬಿಡುತ್ತವೆ, ಗುಂಪಿನಿಂದ ಬೇರೆಯಾಗಿ ಅಂಚಿನಲ್ಲಿ ತೇಲುತ್ತವೆ. ಮೈಬಣ್ಣ ಮಂಕು, ಚರ್ಮದ ಮೇಲೆ ಸವೆದಂಥ ಕೆಂಪು ಗುರುತು, ಕಣ್ಣು ಉಬ್ಬುವುದು ಅಥವಾ ಮಸುಕಾಗುವುದು, ಹೊಟ್ಟೆ ಊದುವುದು. ಆಮೇಲೆ ದಿನದಿನಕ್ಕೆ ಏರುವ ಸಾವು. ಥಾಯ್ಲೆಂಡಿನ ಸಾಕಣೆಗಳಲ್ಲಿ ನೂರಕ್ಕೆ 20ರಿಂದ 90ರವರೆಗೂ ಮೀನು ಸತ್ತದ್ದುಂಟು. ವೈರಸ್ಸಿಗೆ ಹಿಡಿಸುವ ನೀರಿನ ಬಿಸಿ 22ರಿಂದ 32 ಡಿಗ್ರಿ. ನಮ್ಮ ಕರಾವಳಿಯ ಕೆರೆಗಳು ವರ್ಷದ ಹೆಚ್ಚು ಕಾಲ ಇರುವುದೇ ಅಷ್ಟರಲ್ಲಿ. ಬದುಕಿ ಉಳಿದ ಮೀನುಗಳಲ್ಲಿ ಕೆಲವು ವೈರಸ್ಸನ್ನು ಹೊತ್ತುಕೊಂಡೇ ಇರುತ್ತವೆ. ತಾಯ್ತಂದೆ ಮೀನಿನಿಂದ ಮೊಟ್ಟೆಗೂ ಅದು ದಾಟುತ್ತದೆ. ಔಷಧವಿಲ್ಲ. ಗಾಬರಿಯಲ್ಲಿ ತೊಟ್ಟಿಗೆ ಆ್ಯಂಟಿಬಯೋಟಿಕ್ ಸುರಿಯುವವರಿದ್ದಾರೆ. ವೈರಸ್ಸಿನ ಮೇಲೆ ಅದು ಏನೂ ಮಾಡದು, ನೀರನ್ನೂ ಮುಂದಿನ ಬೆಳೆಯನ್ನೂ ಕೆಡಿಸುತ್ತದೆ. ತಿನ್ನುವವರು ಮಾತ್ರ ಹೆದರಬೇಕಾಗಿಲ್ಲ. ಈ ವೈರಸ್ ಮನುಷ್ಯರಿಗೆ ಅಂಟಿದ್ದು ಎಲ್ಲಿಯೂ ಕಂಡಿಲ್ಲ. ಮಾರುಕಟ್ಟೆಯಲ್ಲಿ ಗಾಳಿಸುದ್ದಿ ಹಬ್ಬಿದರೆ ಕಾಯಿಲೆಯಿಲ್ಲದ ಸಾಕಣೆದಾರನೂ ಮುಳುಗುತ್ತಾನೆ, ಹಾಗಾಗಿ ಇದನ್ನು ಒತ್ತಿ ಹೇಳುತ್ತೇನೆ.

ಮೀನು ಸತ್ತರೆಲ್ಲ ವೈರಸ್ ಅಲ್ಲ. ಇನ್ನೂ ಹೇಳಬೇಕೆಂದರೆ, ಹಿತ್ತಿಲಿನ ತೊಟ್ಟಿಗಳಲ್ಲಿ ಮೀನು ಸಾಯಲು ಸಾಮಾನ್ಯ ಕಾರಣ ನೀರೇ. ಜೂನಿನ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಬಯೋಫ್ಲಾಕ್ ತೊಟ್ಟಿಯ ಮೀನು ಬೆಳಗಾಗುವುದರೊಳಗೆ ಹೊಟ್ಟೆ ಮೇಲಾಗಬಹುದು. ಸಾವಿನ ರೀತಿಯಲ್ಲೇ ವ್ಯತ್ಯಾಸವಿದೆ. ಆಮ್ಲಜನಕ ಸಾಲದೆ ಸತ್ತರೆ ನಸುಕಿನಲ್ಲಿ, ಒಟ್ಟಿಗೆ, ಹೆಚ್ಚಾಗಿ ದೊಡ್ಡವು ಮೊದಲು. ಕಾಟ್ಲಾ, ರೋಹು, ತಿಲಾಪಿಯಾ ಎಂಬ ಭೇದವಿಲ್ಲ. ವೈರಸ್ ಆದರೆ ಸಾಮಾನ್ಯವಾಗಿ ಒಂದು ಜಾತಿ, ಒಂದು ತಂಡದ ಮರಿ. ಇವತ್ತು ನಾಲ್ಕು, ನಾಳೆ ಹತ್ತು, ನಾಳಿದ್ದು ಮೂವತ್ತು. ಈ ಏರಿಕೆ ಕಾಣಬೇಕಾದರೆ ಯಾರಾದರೂ ಎಣಿಸಿ ಬರೆದಿಟ್ಟಿರಬೇಕು. ಒಂದು ನೋಟ್‌ಬುಕ್ಕು, ದಿನದ ಸಾವಿನ ಲೆಕ್ಕ, ಹಾಕಿದ ಮೇವು, ನೀರಿನ ಬಿಸಿ. ರೋಗದ ಕಣ್ಗಾವಲಿನ ಮೊದಲ ಉಪಕರಣ ಇದೇ, ಇದಕ್ಕೆ ಖರ್ಚಿಲ್ಲ.

ಲಕ್ಷಣ ನೋಡಿ ತೀರ್ಪು ಕೊಡುವುದು ಎಷ್ಟು ಅಪಾಯವೆಂಬುದಕ್ಕೆ ನಮ್ಮ ಹಿರಿಯರು ಕಂಡ ಒಂದು ರೋಗವಿದೆ. 1988ರಲ್ಲಿ ಅಸ್ಸಾಂ, ತ್ರಿಪುರ, ಮೇಘಾಲಯದ ಹೊಳೆ–ಗದ್ದೆಗಳಲ್ಲಿ ಮೈತುಂಬ ಕೆಂಪು ಹುಣ್ಣಿನ ಮೀನು ಕಾಣಿಸಿಕೊಂಡಿತು. 1991ರಲ್ಲಿ ಅದು ಕೇರಳದ ಕುಟ್ಟನಾಡಿಗೆ ಬಂತು. ಮಲಯಾಳದಲ್ಲಿ ವರಾಲ್ ಎನ್ನುವ ಕೊರಮೀನಿಗೆ ಅದು ಬಲವಾಗಿ ತಗಲಿತು, ಜನ ಮೀನು ತಿನ್ನುವುದನ್ನೇ ಬಿಟ್ಟರು. ಆಗ್ನೇಯ ಏಷ್ಯಾದಲ್ಲಿ ಹುಣ್ಣಿನ ಮೀನುಗಳಿಂದ ವೈರಸ್ಸುಗಳು ಸಿಕ್ಕಿದ್ದವು, ಹಾಗಾಗಿ ವರ್ಷಗಟ್ಟಲೆ ವೈರಸ್ಸಿನ ಮೇಲೆಯೇ ಅನುಮಾನ. ಬ್ಯಾಕ್ಟೀರಿಯಾದ ಮೇಲೂ ಬಂತು, ಕೀಟನಾಶಕದ ಮೇಲೂ ಬಂತು. ಕೊನೆಗೆ ಸಿಕ್ಕಿದ್ದು ಶಿಲೀಂಧ್ರವನ್ನು ಹೋಲುವ, ನೀರಿನಲ್ಲಿ ಈಜುವ ಬೀಜಾಣುಗಳನ್ನು ಬಿಡುವ ಅಫನೊಮೈಸಿಸ್ ಇನ್‌ವೇಡನ್ಸ್ ಎಂಬ ಜೀವಿ. ಹುಣ್ಣಿನಲ್ಲಿ ಸಿಕ್ಕಿದ್ದೆಲ್ಲ ಹುಣ್ಣಿಗೆ ಕಾರಣವಲ್ಲ. ಟಿಲ್‌ವಿಯ ವಿಷಯದಲ್ಲೂ ಹೀಗೆಯೇ: ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ತಗಲಿದ ತಿಲಾಪಿಯಾದ ಕಣ್ಣೂ ಉಬ್ಬುತ್ತದೆ, ಅದೂ ಅಂಚಿನಲ್ಲೇ ತೇಲುತ್ತದೆ. ಹೊರಗೆ ನಿಂತು ನೋಡಿದರೆ ಎರಡನ್ನೂ ಬೇರೆ ಮಾಡಲಾಗದು. ಪ್ರಯೋಗಾಲಯವೇ ಆಗಬೇಕು.

ಪ್ರಯೋಗಾಲಯಕ್ಕೆ ಎಷ್ಟು ಮೀನು ಒಯ್ಯಬೇಕು? ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು, ಪಾತ್ರೆಯೊಳಗೆ ಎಲ್ಲ ಅಗುಳೂ ಒಂದೇ ಹದದಲ್ಲಿರುತ್ತದೆ. ಕೆರೆಯ ಮೀನು ಹಾಗಲ್ಲ. 5,000 ಮೀನಿನ ಕೆರೆಯಲ್ಲಿ ನೂರಕ್ಕೆ ಎರಡರಲ್ಲಿ ವೈರಸ್ ಇದೆ ಎಂದಿಟ್ಟುಕೊಳ್ಳಿ: 100 ಮೀನಿಗೆ ಸೋಂಕು, 4,900 ಆರೋಗ್ಯವಾಗಿವೆ. ಒಂದೇ ಮೀನು ಹಿಡಿದು ಪರೀಕ್ಷಿಸಿದರೆ ನೂರಕ್ಕೆ 98 ಸಲ ನಮಗೆ ಏನೂ ಸಿಗುವುದಿಲ್ಲ. ಮೂವತ್ತು ಹಿಡಿದರೂ ಅರ್ಧಕ್ಕಿಂತ ಹೆಚ್ಚು ಸಲ ಸೋಂಕು ತಪ್ಪಿಸಿಕೊಳ್ಳುತ್ತದೆ. ನೂರಕ್ಕೆ 95ರಷ್ಟು ಖಾತ್ರಿ ಬೇಕೆಂದರೆ ಸುಮಾರು 150 ಮೀನು ಬೇಕು. ಜಗತ್ತಿನೆಲ್ಲೆಡೆ ಮೀನುರೋಗದ ಕಣ್ಗಾವಲಿನಲ್ಲಿ 150 ಎಂಬ ಸಂಖ್ಯೆ ಮತ್ತೆ ಮತ್ತೆ ಬರುವುದು ಈ ಗಣಿತದಿಂದ. ಸೋಂಕು ನೂರಕ್ಕೆ ಐದರಲ್ಲಿದ್ದರೆ 60 ಸಾಕು, ಹತ್ತರಲ್ಲಿದ್ದರೆ 30. ಇನ್ನೊಂದು ಬೆರಗು ಗಮನಿಸಿ: ಕೆರೆಯಲ್ಲಿ 5,000 ಇದ್ದರೂ 50,000 ಇದ್ದರೂ ಬೇಕಾಗುವ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಹಿತ್ತಿಲಿನ ಸಣ್ಣ ತೊಟ್ಟಿಗೆ ಈ ಲೆಕ್ಕ ಭಾರವಾಗುತ್ತದೆ, ದೊಡ್ಡ ಮರಿ ಕೇಂದ್ರಕ್ಕೆ ಹಗುರ. ಈ ಅಸಮಾನತೆಯನ್ನು ನೆನಪಿಟ್ಟುಕೊಳ್ಳಿ. ಕೊನೆಯಲ್ಲಿ ನಾನು ಹೇಳಬೇಕೆಂದಿರುವುದು ಇದರ ಮೇಲೆಯೇ ನಿಂತಿದೆ.

ಖರ್ಚು ತಗ್ಗಿಸಲು ಐದೈದು ಮೀನಿನ ಅಂಗಾಂಶವನ್ನು ಒಂದೇ ನಳಿಕೆಗೆ ಸೇರಿಸುತ್ತಾರೆ. 150 ಮೀನಿಗೆ 30 ಪರೀಕ್ಷೆ. ಸೋಂಕಿನ ಅನುಮಾನವಿದ್ದಾಗ ಬಲೆಗೆ ಬಂದವನ್ನೆಲ್ಲ ತೆಗೆದುಕೊಳ್ಳದೆ ಅಂಚಿನಲ್ಲಿ ತೇಲುವ, ಮಂಕಾದ, ಇನ್ನೂ ಉಸಿರಾಡುತ್ತಿರುವ ಮೀನನ್ನೇ ಆರಿಸುತ್ತಾರೆ. ಆಗ ಕೆಲವೇ ಮೀನು ಸಾಕಾಗುತ್ತದೆ. ಸತ್ತು ಊದಿದ ಮೀನಿನಿಂದ ಯಾರಿಗೂ ಪ್ರಯೋಜನವಿಲ್ಲ: ಆರ್‌ಎನ್‌ಎ ಬಲು ಬೇಗ ಒಡೆದುಹೋಗುವ ವಸ್ತು, ನಮ್ಮ ಬಿಸಿಲಿನಲ್ಲಿ ಇನ್ನೂ ಬೇಗ. ಪಿತ್ತಜನಕಾಂಗ, ಗುಲ್ಮ, ಮೂತ್ರಪಿಂಡ, ಮೆದುಳಿನ ಸಣ್ಣ ಚೂರುಗಳನ್ನು ತಕ್ಷಣ ಶೇಕಡಾ 95ರ ಆಲ್ಕೋಹಾಲಿನಲ್ಲಿ ಮುಳುಗಿಸಬೇಕು. ಇನ್ನೊಂದಿಷ್ಟು ಚೂರು ಫಾರ್ಮಲಿನ್‌ನಲ್ಲಿ, ಸೂಕ್ಷ್ಮದರ್ಶಕದಲ್ಲಿ ಕೋಶಗಳನ್ನು ನೋಡಲು. ತಳಿಮೀನನ್ನು ಕೊಲ್ಲಲು ಮನಸ್ಸಿಲ್ಲದಿದ್ದರೆ ಮೈಮೇಲಿನ ಲೋಳೆಯನ್ನು ಒರೆಸಿ ಪರೀಕ್ಷಿಸುವ ವಿಧಾನವೂ ಇದೆ. ಈಚೆಗೆ ಕೆರೆಯ ನೀರನ್ನೇ ಸೋಸಿ, ಕಬ್ಬಿಣದ ಲವಣದಿಂದ ವೈರಸ್ಸನ್ನು ಒಟ್ಟುಗೂಡಿಸಿ ಅಳೆಯುವುದನ್ನೂ ಥಾಯ್ಲೆಂಡಿನವರು ಮಾಡಿ ತೋರಿಸಿದ್ದಾರೆ.

ಮುಂದಿನದು ಪಿಸಿಆರ್. ಕೋವಿಡ್ ಕಾಲದಲ್ಲಿ ಮನೆಮನೆಯ ಮಾತಾಗಿದ್ದ ಆರ್‌ಟಿ–ಪಿಸಿಆರ್ ಇದೇ. ಆರ್‌ಎನ್‌ಎಯನ್ನು ಮೊದಲು ಡಿಎನ್‌ಎ ಆಗಿ ಬರೆದುಕೊಂಡು, ವೈರಸ್ಸಿಗೆ ಮಾತ್ರ ಸೇರಿದ ಒಂದು ತುಣುಕನ್ನು ಮತ್ತೆ ಮತ್ತೆ ನಕಲು ಮಾಡುವುದು. ಪ್ರತಿ ಸುತ್ತಿಗೆ ಎರಡರಷ್ಟು. ಮೂವತ್ತು ಸುತ್ತು ಮುಗಿಯುವಾಗ ಒಂದು ತುಣುಕು 100 ಕೋಟಿ ದಾಟುತ್ತದೆ. ಇಷ್ಟು ಸೂಕ್ಷ್ಮವಾದ್ದರಿಂದಲೇ ಇದಕ್ಕೆ ಮಿತಿಗಳೂ ಇವೆ. ಸತ್ತ ವೈರಸ್ಸಿನ ಚೂರಿಗೂ ಯಂತ್ರ ಹೌದೆನ್ನುತ್ತದೆ. ಇಲ್ಲವೆಂದಾಗ, ನಾವು ತಂದ ಮೀನಿನಲ್ಲಿ, ನಾವು ತೆಗೆದ ಚೂರಿನಲ್ಲಿ ಸಿಗಲಿಲ್ಲ ಎಂದಷ್ಟೇ ಅರ್ಥ. ಹುಣ್ಣಿನ ರೋಗ ಕಲಿಸಿದ ಪಾಠ ಇಲ್ಲಿಯೂ ಬೇಕು: ಪಿಸಿಆರ್ ಹೌದೆಂದರೆ ಸಾಲದು, ಪಿತ್ತಜನಕಾಂಗದ ಕೋಶಗಳಲ್ಲಿ ಆ ಮುದ್ದೆಗಳು ಕಾಣಬೇಕು, ಸಾಧ್ಯವಾದರೆ ಜೀವಕೋಶಗಳ ಕೃಷಿಯಲ್ಲಿ ವೈರಸ್ ಬೆಳೆಯಬೇಕು.

ಇದು ಟಿಲ್‌ವಿ ಒಂದರ ಮಾತಲ್ಲ. 2016ರಲ್ಲಿ ಕೊಚ್ಚಿಯ ವಿಜ್ಞಾನಿಗಳನ್ನೊಳಗೊಂಡ ತಂಡವೊಂದು ಅಲಂಕಾರದ ಕೋಯಿ ಗೆಂಡೆಯಲ್ಲಿ ಕಾರ್ಪ್ ಎಡೀಮಾ ವೈರಸ್ಸನ್ನು ದೇಶದಲ್ಲಿ ಮೊದಲ ಸಲ ಗುರುತಿಸಿತು. 2020ರಲ್ಲಿ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ತಂಡವೊಂದು ನಮ್ಮ ಪಶ್ಚಿಮ ಕರಾವಳಿಯ ಅಳಿವೆಗಳಲ್ಲಿ ಪಂಜರ ಹಾಕಿ ಸಾಕಿದ ಸೀಬಾಸಿನಲ್ಲಿ, ಕಾಸರಗೋಡಿನ ಪೇಟೆಯಲ್ಲಿ ಕಾಳಾಂಜಿ ಎಂದು ಮಾರುವ ಮೀನಿನಲ್ಲಿ, ಕೆಂಪು ಸೀಬ್ರೀಮ್ ಇರಿಡೋವೈರಸ್ಸನ್ನು ವರದಿ ಮಾಡಿತು. ಅದು ಉಪ್ಪುನೀರಿನ ಮೀನು, ಸಿಹಿನೀರಿನವರಿಗೇಕೆ ಎನ್ನಬೇಡಿ. 2021ರಲ್ಲಿ ಭಾರತದಲ್ಲೇ ಸಾಕಿದ ದೈತ್ಯ ಗೌರಾಮಿ ಎಂಬ ಸಿಹಿನೀರಿನ ಮೀನು ದೊಡ್ಡ ಪ್ರಮಾಣದಲ್ಲಿ ಸತ್ತದ್ದಕ್ಕೆ ಕಾರಣ ಇದೇ ವೈರಸ್ ಜಾತಿಯ ಇನ್ನೊಂದು ಕವಲು. ಈ ಗುಂಪಿನ ವೈರಸ್ಸು ಹಲವು ಜಾತಿಯ ಮೀನುಗಳನ್ನು ಹಿಡಿಯಬಲ್ಲದು.

ವೈರಸ್ಸು ಒಂದೇ ಕೆರೆಯಲ್ಲಿ ನಿಲ್ಲಬೇಕೆಂದೂ ಇಲ್ಲ. ಕಾಸರಗೋಡು ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆ. ಜುಲೈ ತಿಂಗಳಲ್ಲಿ ಕೆರೆ ತುಂಬಿ ತೋಡಿಗೆ ಹರಿಯುತ್ತದೆ, ತೋಡು ಹೊಳೆಗೆ. ಪಯಸ್ವಿನಿ ಹುಟ್ಟುವುದು ಕೊಡಗಿನ ಬೆಟ್ಟದಲ್ಲಿ. ಸುಳ್ಯ ದಾಟಿ ಕಾಸರಗೋಡಿಗೆ ಇಳಿದು ಚಂದ್ರಗಿರಿಯಾಗಿ ಕಡಲು ಸೇರುತ್ತದೆ. ಸುಳ್ಯದ ತೊಟ್ಟಿಯಲ್ಲಿ ಬಂದ ರೋಗದ ವರದಿ ಬೆಂಗಳೂರಿಗೆ ಹೋಗುತ್ತದೆ, ಆದೂರಿನ ತೊಟ್ಟಿಯದು ತಿರುವನಂತಪುರಕ್ಕೆ. ನೀರು ಮಾತ್ರ ಒಂದೇ. ಎರಡು ರಾಜ್ಯಗಳ ಮೀನುಗಾರಿಕೆ ಇಲಾಖೆಗಳು ಹೊಳೆಯೊಂದನ್ನು ಒಂದೇ ಘಟಕವಾಗಿ ನೋಡಿ ಮಾಹಿತಿ ಹಂಚಿಕೊಳ್ಳದಿದ್ದರೆ ಕಾವಲಿನ ನಡುವೆ ದೊಡ್ಡ ತೆರಪು ಉಳಿಯುತ್ತದೆ.

ದೇಶಮಟ್ಟದಲ್ಲಿ ವ್ಯವಸ್ಥೆಯೊಂದು ಇದೆ, ಚೆನ್ನಾಗಿಯೇ ಕಟ್ಟಿದ್ದಾರೆ. ಜಲಜೀವಿ ರೋಗಗಳ ರಾಷ್ಟ್ರೀಯ ಕಣ್ಗಾವಲು ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಆಗ ಹಣ ಕೊಟ್ಟದ್ದು ಹೈದರಾಬಾದಿನ ರಾಷ್ಟ್ರೀಯ ಮೀನುಗಾರಿಕೆ ಅಭಿವೃದ್ಧಿ ಮಂಡಳಿ; ಹೊಣೆ ಲಖನೌದ ರಾಷ್ಟ್ರೀಯ ಮತ್ಸ್ಯ ಆನುವಂಶಿಕ ಸಂಪನ್ಮೂಲ ಬ್ಯೂರೋದ್ದು. ರೈತ ಕರೆದಾಗ ಹೋಗಿ ನೋಡುವುದು ಒಂದು ಬಗೆ. ಯಾರೂ ಕರೆಯದಿದ್ದರೂ ಗೊತ್ತುಮಾಡಿದ ಸಾಕಣೆಗಳಿಗೆ ಕಾಲಕಾಲಕ್ಕೆ ಹೋಗಿ ಆರೋಗ್ಯವಾಗಿ ಕಾಣುವ ಮೀನನ್ನೂ ಪರೀಕ್ಷಿಸುವುದು ಇನ್ನೊಂದು ಬಗೆ. ಎರಡನೆಯದೇ ನಿಜವಾದ ಕಾವಲು. 2023ರ ಜೂನ್‌ನಲ್ಲಿ ರಿಪೋರ್ಟ್ ಫಿಶ್ ಡಿಸೀಸ್ ಎಂಬ ಮೊಬೈಲ್ ಆ್ಯಪ್ ಬಂತು. ಸಾಕಣೆದಾರ ತಾನೇ ಫೋಟೊ, ಜಾಗ, ಸಾವಿನ ಲೆಕ್ಕ ಕಳಿಸಬಹುದು.

ಆದರೆ ಕಾಸರಗೋಡು ರಾಜ್ಯದ ಉತ್ತರ ತುದಿ. ಕೊಚ್ಚಿಯ ದೊಡ್ಡ ಪ್ರಯೋಗಾಲಯಗಳು 350 ಕಿಲೋಮೀಟರಿಗೂ ಆಚೆ. ಇತ್ತ ಮಂಗಳೂರಿನ ಎಕ್ಕೂರಿನಲ್ಲಿ, ಕೇವಲ ಐವತ್ತು ಕಿಲೋಮೀಟರಿನಲ್ಲಿ, 1969ರಲ್ಲಿ ದೇಶದ ಮೊದಲನೆಯದಾಗಿ ಆರಂಭವಾದ ಮೀನುಗಾರಿಕಾ ಕಾಲೇಜಿದೆ. 1990ರ ದಶಕದಲ್ಲಿ ಸಿಗಡಿಯ ಬಿಳಿಚುಕ್ಕೆ ರೋಗ ಕರಾವಳಿಯನ್ನು ನಾಶಮಾಡುತ್ತಿದ್ದಾಗ ವಿಜ್ಞಾನಿಗಳಾದ ಇಡ್ಯಾ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್ ಇಲ್ಲಿಯೇ ಅದನ್ನು ಅಧ್ಯಯನ ಮಾಡಿದ್ದು. ಅಷ್ಟು ಹತ್ತಿರದಲ್ಲಿದ್ದರೂ ಅದು ಬೇರೆ ರಾಜ್ಯದ ಸಂಸ್ಥೆ. 2020ರಲ್ಲಿ ಕೋವಿಡಿನ ಕಾರಣಕ್ಕೆ ತಲಪಾಡಿಯಲ್ಲಿ ರಾಜ್ಯದ ಗಡಿ ಮುಚ್ಚಿದಾಗ ಆಸ್ಪತ್ರೆಗೆ ಹೋಗಲಾರದೆ ನರಳಿದ ಜನರಿಗೆ ಈ ಗೆರೆಯ ಭಾರ ಗೊತ್ತು. ತೆಂಗು–ಅಡಿಕೆ ಬೆಳೆಗಾರನ ಪಾಡು ಹೀಗಿಲ್ಲ. ಗರಿ ಹಳದಿಯಾದರೆ ಅವನು ಕೂಡ್ಲಿನ ಸಿಪಿಸಿಆರ್‌ಐಗೆ ಹೋಗಿ ಕೇಳಬಲ್ಲ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಆ ಬಾಗಿಲು ನೂರು ವರ್ಷದಿಂದ ತೆರೆದಿದೆ. ಮೀನಿಗೂ ಅಂಥದೊಂದು ಬಾಗಿಲು ಜಿಲ್ಲೆಯೊಳಗೇ ಬೇಕು. ಯಂತ್ರವಿಲ್ಲ ಎನ್ನುವಂತಿಲ್ಲ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ 2020ರಲ್ಲಿ ಕೋವಿಡಿನ ಆರ್‌ಟಿ–ಪಿಸಿಆರ್ ಪರೀಕ್ಷೆ ನಡೆದಿದೆ. ಮೀನಿನ ವೈರಸ್ಸಿಗೆ ಬೇಕಾದ್ದು ಅದೇ ಯಂತ್ರ, ಅದೇ ಕೈಚಳಕ, ಬೇರೆ ರಾಸಾಯನಿಕ ಪೊಟ್ಟಣ.

ಯಂತ್ರಕ್ಕಿಂತ ಮೊದಲು ಕಣ್ಣು ಬೇಕು ಎಂಬುದನ್ನು ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ ಪಡ್ರೆ ಗ್ರಾಮದ ಕರುಗಳ ಅಂಗವೈಕಲ್ಯವನ್ನು ಗಮನಿಸಿ ಪತ್ರಕರ್ತ ಶ್ರೀಪಡ್ರೆ ಬರೆದರು. ತನ್ನ ಬಳಿ ಬರುವ ರೋಗಿಗಳಲ್ಲಿ ಅಸಹಜವಾದುದೇನೋ ಇದೆ ಎಂದು ಊರಿನ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ಗುರುತಿಸಿದರು. ದೊಡ್ಡ ಸಂಸ್ಥೆಗಳು ಒಪ್ಪುವ ಮೊದಲೇ ಊರಿನವರು ಕಂಡಿದ್ದರು. ಕಂಡದ್ದನ್ನು ಕೇಳುವವರು ಇರಲಿಲ್ಲ, ಅಷ್ಟೇ. ಮೀನಿನ ವಿಷಯದಲ್ಲಿ ಈ ತಪ್ಪು ಮರುಕಳಿಸಬಾರದು. ಸಾಲ ಮಾಡಿ ತೊಟ್ಟಿ ಕಟ್ಟಿದವನು ರೋಗದ ಸುದ್ದಿ ಹೇಳಿದರೆ ನಷ್ಟಕ್ಕೆ ಒಂದಿಷ್ಟಾದರೂ ಆಸರೆ ಸಿಗಬೇಕು. ಇಲ್ಲವಾದರೆ ಅವನು ಬದುಕಿರುವ ಮೀನನ್ನು ಅವಸರದಲ್ಲಿ ಮಾರಿ, ಸತ್ತದ್ದನ್ನು ತೋಡಿಗೆ ಎಸೆದು ಸುಮ್ಮನಾಗುತ್ತಾನೆ. ಅದಕ್ಕೆ ಅವನನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ.

ಆ 150ರ ಲೆಕ್ಕಕ್ಕೆ ಬರುತ್ತೇನೆ. ಜಿಲ್ಲೆಯ ಪ್ರತಿ ತೊಟ್ಟಿಯಿಂದಲೂ 150 ಮೀನು ತೆಗೆದು ಪರೀಕ್ಷಿಸಲು ಸಾಧ್ಯವೇ ಇಲ್ಲ. ಕೆಲವು ತೊಟ್ಟಿಗಳಲ್ಲಿ ಅಷ್ಟು ತೆಗೆದರೆ ಬೆಳೆಯೇ ಕರಗುತ್ತದೆ. ಲಕ್ಷಗಟ್ಟಲೆ ಮರಿ ಹೊರಡುವ ಉತ್ಪಾದನಾ ಕೇಂದ್ರದಲ್ಲಿ 150 ಮರಿ ಏನೂ ಅಲ್ಲ. ಒಂದು ಕೇಂದ್ರದ ಒಂದು ತಂಡಕ್ಕೆ ಮೂವತ್ತು ಪರೀಕ್ಷೆ ಮಾಡಿದರೆ ನೂರಾರು ತೊಟ್ಟಿಗಳಿಗೆ ಕಾವಲು ಸಿಕ್ಕಂತೆ. ಖರ್ಚನ್ನು ಎಲ್ಲಿ ಹಾಕಬೇಕೆಂಬ ಪ್ರಶ್ನೆಗೆ ಗಣಿತವೇ ಉತ್ತರ ಕೊಡುತ್ತಿದೆ: ಮರಿಯಲ್ಲಿ, ತಳಿಮೀನಿನಲ್ಲಿ, ಚೀಲ ಕಟ್ಟುವ ಮುನ್ನ. ಕೇರಳಕ್ಕೆ 2014ರ ಮತ್ಸ್ಯಬೀಜ ಕಾಯ್ದೆ ಇದೆ. ಮರಿ ಉತ್ಪಾದಿಸುವವರು, ಮಾರುವವರು ನೋಂದಣಿ ಮಾಡಿಸಿಕೊಳ್ಳಬೇಕು, ಮರಿಯ ಗುಣಮಟ್ಟಕ್ಕೆ ಹೊಣೆಯಾಗಬೇಕು ಎಂಬುದು ಅದರ ತಿರುಳು. ಆ ಗುಣಮಟ್ಟದಲ್ಲಿ ವೈರಸ್ ಪರೀಕ್ಷೆಯ ವರದಿ ಕಡ್ಡಾಯವಾಗಿ ಸೇರಲಿ, ಚೀಲದ ಮೇಲೆ ತಂಡದ ಸಂಖ್ಯೆ ಇರಲಿ. ಸಬ್ಸಿಡಿಯಲ್ಲಿ ಹಂಚುವ ಮರಿಗೆ ಇದು ಎಲ್ಲಕ್ಕಿಂತ ಮೊದಲು ಅನ್ವಯವಾಗಲಿ.

ತೊಟ್ಟಿ, ಕೆರೆ ಇರುವ ಓದುಗರಲ್ಲಿ ಕೆಲವು ವಿನಂತಿಗಳಿವೆ. ಹೊಸ ಮರಿಯನ್ನು ಹಳೆಯ ಮೀನಿನ ಜೊತೆ ನೇರ ಬಿಡಬೇಡಿ. ಮೂರು–ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿ. ಪಕ್ಕದವರ ಬಲೆಯನ್ನು ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಅದ್ದದೆ, ಬಿಸಿಲಿಗೆ ಒಣಗಿಸದೆ ನಿಮ್ಮ ಕೆರೆಗೆ ಇಳಿಸಬೇಡಿ. ಮೂರು ದಿನ ಸಾಲಾಗಿ ಸಾವು ಏರಿದರೆ ಕೂಡಲೇ ಮೀನುಗಾರಿಕೆ ಇಲಾಖೆಗೆ ತಿಳಿಸಿ, ಸತ್ತ ಮೀನನ್ನು ತೋಡಿನಿಂದ ದೂರದಲ್ಲಿ ಸುಣ್ಣ ಹಾಕಿ ಆಳವಾಗಿ ಹೂಳಿ. ಮುಂದಿನ ಸಲ ಮರಿ ಕೊಳ್ಳುವಾಗ ಬೆಲೆ ಕೇಳುವ ಮೊದಲು ಪರೀಕ್ಷೆಯ ವರದಿ ಕೇಳಿ. ಕೊಡಲಾಗದವರಿಂದ ಕೊಳ್ಳಬೇಡಿ.